ರಾಮನ್ನರ ಕಿವಿ

ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರೆತ್ತಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಬೆಳಕು. ಮೆಡಿಟರೇನಿಯನ್ ಕಡಲಿನ ನೀಲಿ, ವಜ್ರದ ಹೊಳಪು, ಗುಲಾಬಿಯ ಕೆಂಪು ಇವೇ ಆ ಹೆಸರಿನ ಪರಿವಾರ. ವರ್ಷವರ್ಷವೂ ಫೆಬ್ರವರಿ 28ರಂದು ನಡೆಯುವ ವಿಜ್ಞಾನ ದಿನದ ಭಾಷಣಗಳು ಈ ಚಿತ್ರವನ್ನೇ ತೀಡಿ ತೀಡಿ ಗಟ್ಟಿಮಾಡಿವೆ. ಚಿತ್ರ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ. ಬೆಳಕಿನ ಕಡೆಗೆ ಪೂರ್ತಿಯಾಗಿ ತಿರುಗುವ ಮೊದಲು ಈ ಮಹನೀಯರು ಹತ್ತು ಹನ್ನೆರಡು ವರ್ಷಗಳ ಕಾಲ ಮುಖ್ಯವಾಗಿ ನಾದದ ಬೆನ್ನು ಹತ್ತಿದ್ದರು. ತಂತಿ, ಕಮಾನು, ಕುದುರೆ, ಚರ್ಮ, ಗುಮ್ಮಟ ಇವು ಅವರ ಅಂದಿನ ಸಾಮಗ್ರಿ. ಕನ್ನಡ ಪಾಠ ಹೇಳುವ ನನಗೆ ಭೌತವಿಜ್ಞಾನದಲ್ಲಿ ಅಧಿಕಾರವೇನೂ ಇಲ್ಲ. ಪಂಪ ರನ್ನರ ಪದ್ಯಗಳನ್ನು ಓದುವಾಗ ಕಿವಿಯನ್ನು ನಂಬುವ ಅಭ್ಯಾಸವೊಂದಿದೆ. ರಾಮನ್ನರ ಬಾಳಿನಲ್ಲಿ ನನ್ನನ್ನು ಸೆಳೆದದ್ದು ಅವರ ಕಣ್ಣಿಗಿಂತಲೂ ಅವರ ಕಿವಿ. ಆದ್ದರಿಂದ ಆ ಬಾಳನ್ನು ಕಿವಿಯ ಕಡೆಯಿಂದಲೇ ಹೇಳಲು ಹೊರಟಿದ್ದೇನೆ.

ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲಿನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಬಿಡುವಿನಲ್ಲಿ ಪಿಟೀಲು ನುಡಿಸುವವರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಹುಡುಗನ ಬಾಲ್ಯ ಕಡಲತೀರದಲ್ಲಿ ಕಳೆಯಿತು. ಮನೆಯಲ್ಲಿ ಪುಸ್ತಕವೂ ಇತ್ತು, ಪಿಟೀಲೂ ಇತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಮುಗಿದವು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅವರ ಮೊದಲ ಲೇಖನ ಅಚ್ಚಾಯಿತು. ಅದು ಬೆಳಕಿನ ವಿಷಯವೇ. ಆದರೆ ಅದೇ ಕಾಲದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ನಾದ ಮತ್ತು ಶ್ರವಣಗಳನ್ನು ಕುರಿತು ಬರೆದ ದೊಡ್ಡ ಗ್ರಂಥ ಅವರ ಕೈಸೇರಿತು. ತಮ್ಮನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಅದನ್ನೂ ಒಂದೆಂದು ಅವರು ಮುಂದೆ ನೆನೆದರು. ಉಳಿದೆರಡು, ಯೂಕ್ಲಿಡನ ರೇಖಾಗಣಿತ ಮತ್ತು ಬುದ್ಧನ ಬಾಳನ್ನು ಹಾಡುವ ಒಂದು ಇಂಗ್ಲಿಷ್ ಕಾವ್ಯ. ವಿಜ್ಞಾನಿಯೊಬ್ಬನ ಬಾಲ್ಯದ ಬುತ್ತಿಯಲ್ಲಿ ಇಂಥ ಮೂರು ವಸ್ತುಗಳು ಒಟ್ಟಿಗೆ ಇದ್ದುದು ಸಾಹಿತ್ಯದ ಮಂದಿ ಗಮನಿಸಬೇಕಾದ ಸಂಗತಿ.

1907ರಲ್ಲಿಯೇ ಅವರಿಗೆ ಲೋಕಸುಂದರಿಯವರೊಡನೆ ವಿವಾಹವಾಯಿತು. ಆಕೆ ವೀಣೆ ನುಡಿಸುತ್ತಿದ್ದುದನ್ನು ಕೇಳಿ ವರನು ಮನಸೋತನೆಂಬುದು ಆ ಕುಟುಂಬದ ಪ್ರಸಿದ್ಧ ಕಥೆ. ಅದೇ ವರ್ಷ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಲ್ಕತ್ತೆಗೆ ಲೆಕ್ಕಪತ್ರದ ಅಧಿಕಾರಿಯಾಗಿ ಹೋದರು. ಅಂದಿನ ಭಾರತದಲ್ಲಿ ವಿಜ್ಞಾನವನ್ನು ನಂಬಿ ಸಂಸಾರ ನಡೆಸುವಂತಿರಲಿಲ್ಲ. ಟ್ರ್ಯಾಮ್ ಬಂಡಿಯಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯ 210ನೆಯ ಸಂಖ್ಯೆಯ ಕಟ್ಟಡದ ಮೇಲೆ ವಿಜ್ಞಾನಾಭಿವೃದ್ಧಿಗಾಗಿ ಸ್ಥಾಪಿತವಾದ ಭಾರತೀಯ ಸಂಘದ ಫಲಕ ಕಂಡಿತು. ಡಾ. ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ಉಪಕರಣಗಳಿದ್ದವು, ದುಡಿಯುವವರಿರಲಿಲ್ಲ. ಅಂದಿನಿಂದ ಹತ್ತು ವರ್ಷ, ನಡುವೆ ರಂಗೂನು ನಾಗಪುರಗಳಿಗೆ ವರ್ಗವಾದ ಕಾಲವನ್ನು ಬಿಟ್ಟು, ಬೆಳಗಿನ ಜಾವ ಪ್ರಯೋಗಶಾಲೆ, ಹಗಲು ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ಸರ್ಕಾರದ ಲೆಕ್ಕ ತಪ್ಪಲಿಲ್ಲ. ಮೇಲಧಿಕಾರಿಗಳು ಅವರ ಕೆಲಸವನ್ನು ಮೆಚ್ಚಿದರು. ಅಲ್ಲಿ ಅವರ ಬಲಗೈಯಾಗಿದ್ದವರು ಆಶುತೋಷ ದೇ, ಎಲ್ಲರ ಬಾಯಲ್ಲಿ ಆಶುಬಾಬು.

ಬಡ ಸಂಸ್ಥೆಯಲ್ಲಿ ಏನನ್ನು ಅಳೆಯಬಹುದು? ನಾದದ ಅಧ್ಯಯನಕ್ಕೆ ಮೊದಲು ಬೇಕಾದದ್ದು ಕಿವಿ, ಆಮೇಲೆ ತಂತಿ, ಆಮೇಲೆ ಒಂದಿಷ್ಟು ಕೈಚಳಕ. 1909ರಲ್ಲಿ ಅವರು ಬರೆದ ಒಂದು ಲೇಖನದ ವಸ್ತು ಭಿಕ್ಷುಕರ ಕೈಯ ಏಕತಾರಿ! ಅಲ್ಲಿಂದ ಮುಂದೆ ಪಿಟೀಲಿನ ತಂತಿ ಅವರನ್ನು ವರ್ಷಗಟ್ಟಲೆ ಹಿಡಿಯಿತು. ಕಮಾನು ಉಜ್ಜಿದಾಗ ತಂತಿ ಕಮಾನಿಗೆ ಅಂಟಿಕೊಂಡು ಸ್ವಲ್ಪ ದೂರ ಹೋಗುತ್ತದೆ, ಫಕ್ಕನೆ ಜಾರಿ ಹಿಂದಿರುಗುತ್ತದೆ. ಈ ಅಂಟು ಜಾರುಗಳೇ ಸೆಕೆಂಡಿಗೆ ನೂರಾರು ಸಲ ನಡೆದು ಸ್ವರವಾಗುತ್ತವೆ. ಹೆಲ್ಮ್‌ಹೋಲ್ಟ್ಸನು ಕಂಡಿದ್ದ ಈ ಚಲನೆಯ ಎಲ್ಲ ಬಗೆಗಳನ್ನೂ ಗಣಿತದಿಂದ ವಿಂಗಡಿಸಿ, ಛಾಯಾಚಿತ್ರಗಳಿಂದ ತಾಳೆನೋಡಿ, ರಾಮನ್ನರು 1918ರಲ್ಲಿ ಒಂದು ದೊಡ್ಡ ಪ್ರಬಂಧವಾಗಿ ಪ್ರಕಟಿಸಿದರು. ಮನುಷ್ಯನ ಕೈಯ ಒತ್ತಡ ಕ್ಷಣಕ್ಷಣಕ್ಕೂ ಬದಲಾಗುತ್ತದೆಂದು ಪಿಟೀಲು ನುಡಿಸುವ ಯಂತ್ರವೊಂದನ್ನೂ ಮಾಡಿಸಿದರು. ಅದರಲ್ಲಿ ಕಮಾನು ನಿಂತಿರುತ್ತದೆ, ಪಿಟೀಲೇ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಕಮಾನನ್ನು ಕುದುರೆಯ ಸಮೀಪಕ್ಕೆ ಒಯ್ದಷ್ಟೂ ಎಷ್ಟು ಹೆಚ್ಚು ಒತ್ತಬೇಕೆಂಬುದು ಆ ಯಂತ್ರದಿಂದ ಸಂಖ್ಯೆಯಾಗಿ ದೊರೆಯಿತು. ವಿದ್ವಾಂಸರು ಬೆರಳಿನಿಂದ ಬಲ್ಲದ್ದನ್ನು ಅವರು ತಕ್ಕಡಿಗೆ ತಂದರು ಎನ್ನಬಹುದು.

ಇಲ್ಲಿ ಒಂದು ನಿಯಮವನ್ನು ಹೇಳಲೇಬೇಕು. ಮುಂದಿನ ಮಾತಿಗೆ ಅದು ಆಧಾರ. ತಂತಿಯೊಂದು ಇಡಿಯಾಗಿಯೂ ಮಿಡಿಯುತ್ತದೆ, ಎರಡು ಭಾಗವಾಗಿಯೂ, ಮೂರು ಭಾಗವಾಗಿಯೂ ಮಿಡಿಯುತ್ತದೆ. ಭಾಗಗಳು ಕೂಡುವ ತಾಣದಲ್ಲಿ ತಂತಿ ಅಲುಗುವುದಿಲ್ಲ. ಅದು ನಿಸ್ಪಂದ ಬಿಂದು. ಯಾವ ಉಪಸ್ವರದ ನಿಸ್ಪಂದ ಬಿಂದುವಿನಲ್ಲಿ ನಾವು ಮೀಟುತ್ತೇವೆಯೋ ಆ ಉಪಸ್ವರ ಹುಟ್ಟುವುದಿಲ್ಲ. ತಂತಿಯ ನಟ್ಟನಡುವೆ ಮೀಟಿದರೆ ಎರಡನೆಯ ಉಪಸ್ವರ ಮೌನ. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಹೆಸರಿನ ನಿಯಮ. ನಮ್ಮ ತಂಬೂರಿ ಮತ್ತು ವೀಣೆಗಳಲ್ಲಿ ಈ ನಿಯಮ ಮುರಿಯುತ್ತದೆಂದು ರಾಮನ್ನರು 1921ರಲ್ಲಿ ತೋರಿಸಿದರು. ಅವುಗಳ ಕುದುರೆ ಚೂಪಾಗಿಲ್ಲ, ಬಾಗಿದ ಹಲಗೆ. ತಂಬೂರಿಯಲ್ಲಿ ಅದರ ಮೇಲೆ ಜೀವಾಳಿಯ ನೂಲು ಬೇರೆ. ತಂತಿ ಕ್ಷಣಕ್ಷಣವೂ ಆ ಬಾಗಿನ ಮೇಲೆ ಒರಗಿ ಏಳುವುದರಿಂದ, ಹುಟ್ಟಬಾರದ ಉಪಸ್ವರಗಳೂ ತುಂಬಿಬರುತ್ತವೆ. ಅನಾಮಧೇಯ ಬಡಗಿಯೊಬ್ಬ ಯೂರೋಪಿನ ನಿಯಮವೊಂದನ್ನು ಶತಮಾನಗಳ ಹಿಂದೆಯೇ ಜಾಣತನದಿಂದ ದಾಟಿದ್ದ.

1917ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪದವಿಗೆ ಕರೆದರು. ಸಂಬಳ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ರಾಮನ್ನರು ಹಿಂದುಮುಂದು ನೋಡಲಿಲ್ಲ. ಆ ಪದವಿಗೆ ವಿದೇಶದ ತರಬೇತಿ ಅಗತ್ಯವೆಂಬ ಷರತ್ತಿತ್ತು. ಅದನ್ನು ಮಾತ್ರ ಅವರು ಒಪ್ಪದೆ ಷರತ್ತನ್ನೇ ಸಡಿಲಿಸಿಕೊಂಡರು. 1921ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಹೋದಾಗಲೂ ಅವರು ಮಾಡಿದ ಒಂದು ಕೆಲಸ ಕಿವಿಯದು. ಲಂಡನ್ನಿನ ಸಂತ ಪೌಲರ ದೇವಾಲಯದ ಗುಮ್ಮಟದೊಳಗೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಯ ಬಳಿ ಕೇಳುತ್ತದೆ. ನಮ್ಮ ವಿಜಾಪುರದ ಗೋಳಗುಮ್ಮಟ ಕಂಡವರಿಗೆ ಇದು ಹೊಸತಲ್ಲ. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡು ತೆವಳುತ್ತದೆಂದು ಲಾರ್ಡ್ ರ‍್ಯಾಲಿ ವಿವರಿಸಿದ್ದರು. ರಾಮನ್ನರು ಸದರ್ಲೆಂಡ್ ಎಂಬ ಜೊತೆಗಾರರೊಡನೆ ಅಲ್ಲಿಗೆ ಹೋಗಿ, ಗೋಡೆಯ ಬಳಿ ಸದ್ದು ಒಂದೇ ಸಮನಾಗಿಲ್ಲ, ಒಂದೆಡೆ ಏರಿ ಒಂದೆಡೆ ಇಳಿದು ಪಟ್ಟೆಪಟ್ಟೆಯಾಗಿ ನಿಂತಿದೆ ಎಂಬುದನ್ನು ಕಂಡುಕೊಂಡರು. ಕಟ್ಟಡವೂ ವಾದ್ಯದಂತೆ ತನ್ನೊಳಗೆ ನಿಸ್ಪಂದ ತಾಣಗಳನ್ನು ಇಟ್ಟುಕೊಂಡಿದೆ.

ಆ ಪ್ರಯಾಣದಿಂದ ಮರಳುವಾಗಲೇ ನಾರ್ಕುಂಡಾ ಹಡಗಿನ ಮೇಲಿಂದ ಕಂಡ ಕಡಲ ನೀಲಿ ಅವರನ್ನು ಬೆಳಕಿನತ್ತ ಎಳೆದೊಯ್ದಿತು. ಅಲ್ಲಿಂದ ಮುಂದಿನದು ಎಲ್ಲರೂ ಬಲ್ಲ ಕಥೆ. ಕೆ. ಎಸ್. ಕೃಷ್ಣನ್ನರೊಡನೆ ನಡೆಸಿದ ಪ್ರಯೋಗಗಳು, 1928ರ ಫೆಬ್ರವರಿ 28ರ ಆವಿಷ್ಕಾರ, 1930ರ ನೊಬೆಲ್ ಪಾರಿತೋಷಕ. ಇದರಲ್ಲಿ ನಮ್ಮ ನಾಡಿಗೆ ಸಲ್ಲುವ ಒಂದು ದಿನವಿದೆ: ಆ ಹೊಸ ವಿಕಿರಣವನ್ನು ಕುರಿತು ಅವರು ವಿದ್ವಾಂಸರ ಮುಂದೆ ವಿಸ್ತಾರವಾಗಿ ಉಪನ್ಯಾಸ ಮಾಡಿದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅದರ ಹಿಂದಿನ ವರ್ಷ, ಜರ್ಮನಿಯಲ್ಲಿ ಹೊರಬರುತ್ತಿದ್ದ ಭೌತವಿಜ್ಞಾನದ ಮಹಾಕೋಶದಲ್ಲಿ ವಾದ್ಯಗಳು ಮತ್ತು ಅವುಗಳ ನಾದವನ್ನು ಕುರಿತ ಅಧ್ಯಾಯ ಅಚ್ಚಾಗಿತ್ತು; ಬರೆದವರು ರಾಮನ್ನರು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಮೊದಲ ಭಾರತೀಯ ನಿರ್ದೇಶಕರಾಗಿ ಅವರು ಬಂದರು. ಬಂದವರಿಗೆ ನೆಮ್ಮದಿ ಸಿಕ್ಕಲಿಲ್ಲ. 1934ರಲ್ಲಿ ಕಲ್ಕತ್ತೆಯ ಸಂಘ ಕೈತಪ್ಪಿತು. ಇಲ್ಲಿ ಭೌತವಿಜ್ಞಾನಕ್ಕೆ ಹೆಚ್ಚು ಹಣ ಹರಿಸಿದರೆಂದೂ, ಇತರ ವಿಭಾಗಗಳನ್ನು ಕಡೆಗಣಿಸಿದರೆಂದೂ ದೂರು ಎದ್ದಿತು. ವಿಚಾರಣೆಗೆ ಸಮಿತಿಯೊಂದು ಕುಳಿತು, 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ತಪ್ಪೆಲ್ಲ ಎದುರಾಳಿಗಳದೇ ಎಂದು ಬರೆಯುವ ಚರಿತ್ರಕಾರರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ರಾಮನ್ನರದು ಇನ್ನೊಬ್ಬರ ಮಾತಿಗೆ ಸುಲಭವಾಗಿ ಕಿವಿಗೊಡುವ ಸ್ವಭಾವವಲ್ಲ. 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿ, ತರಗತಿಗೆ ಮೊದಲಿಗಳಾಗಿ ತೇರ್ಗಡೆಯಾಗಿ ಸಂಶೋಧನೆಗೆಂದು ಬಂದಾಗ, ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದಳು, ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದರು. ಮೃದಂಗದ ಐದನೆಯ ಉಪಸ್ವರವನ್ನು ಬೇರ್ಪಡಿಸಿ ಕೇಳಬಲ್ಲ ಕಿವಿಗೆ ಬಾಗಿಲಲ್ಲಿ ನಿಂತ ಹುಡುಗಿಯ ಯೋಗ್ಯತೆ ತಡವಾಗಿ ಕೇಳಿಸಿತೆಂಬುದನ್ನು ಅವರ ಅಭಿಮಾನಿಗಳೂ ಬರೆದಿಡಬೇಕು. ಅನಂತರದ ವರ್ಷಗಳಲ್ಲಿ ಅವರು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡರು ಎಂಬುದನ್ನೂ ಜೊತೆಗೇ.

ಈ ಕಲಹಗಳ ನಡುವೆಯೇ, ತಾವು 1934ರಲ್ಲಿ ಕಟ್ಟಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರು ಭಾರತೀಯ ಚರ್ಮವಾದ್ಯಗಳನ್ನು ಕುರಿತು ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಇದರ ಬೀಜ 1920ರಲ್ಲಿ ಶಿವಕಾಳಿ ಕುಮಾರರೊಡನೆ ನೇಚರ್ ಪತ್ರಿಕೆಗೆ ಬರೆದ ಟಿಪ್ಪಣಿಯಲ್ಲಿತ್ತು. ನನ್ನ ಮಟ್ಟಿಗೆ ಅವರ ಬರಹಗಳಲ್ಲಿ ಇದೇ ಮುಕುಟ. ಸಾಮಾನ್ಯ ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು ಎಂಬಂತೆ ಅಡ್ಡಾದಿಡ್ಡಿಯಾಗಿ ಬೀಳುತ್ತವೆ. ಅದು ಸದ್ದು, ಸ್ವರವಲ್ಲ. ನಮ್ಮ ತಮಟೆ ಹಬ್ಬದ ಎದೆ ನಡುಗಿಸಬಲ್ಲುದು, ಶ್ರುತಿಗೆ ನಿಲ್ಲದು. ಮೃದಂಗದ ಬಲಮುಖದಲ್ಲಿ ಮಾತ್ರ ಅನ್ನವನ್ನೂ ಕಿಟ್ಟದ ಪುಡಿಯನ್ನೂ ಅರೆದು ಪದರುಪದರಾಗಿ ಹಚ್ಚಿದ ಕರಣೆಯಿದೆ. ಅಂಚಿನಲ್ಲಿ ಇನ್ನೊಂದು ಚರ್ಮದ ಬಳೆಯಿದೆ. ಈ ಭಾರ, ಈ ತಡೆಗಳ ಫಲವಾಗಿ ಮೊದಲ ಒಂಬತ್ತು ಬಗೆಯ ಕಂಪನಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಐದೇ ಸ್ವರಗಳಾಗಿ ಹೊಂದಿಕೊಳ್ಳುತ್ತವೆ. ರಾಮನ್ನರು ಚರ್ಮದ ಮೇಲೆ ನಯವಾದ ಮರಳು ಚೆಲ್ಲಿ ಬಾರಿಸಿದರು. ಅಲುಗುವ ಭಾಗದಿಂದ ಸಿಡಿದ ಮರಳು ಅಲುಗದ ರೇಖೆಗಳಲ್ಲಿ ಹೋಗಿ ನಿಂತಿತು: ಒಂದರಲ್ಲಿ ನಡುವೆ ಹಾಯ್ದ ಒಂದು ಗೆರೆ, ಇನ್ನೊಂದರಲ್ಲಿ ಕತ್ತರಿಸಿಕೊಂಡ ಎರಡು ಗೆರೆ, ಮತ್ತೊಂದರಲ್ಲಿ ವರ್ತುಲ. ವಿದ್ವಾಂಸನು ಉಂಗುರಬೆರಳನ್ನು ಲಘುವಾಗಿ ಊರಿ ಬೇರೆಡೆ ಹೊಡೆಯುವುದು ಈ ಗೆರೆಗಳ ಅರಿವಿನಿಂದಲೇ. ಎಡಮುಖಕ್ಕೆ ಕರಣೆಯಿಲ್ಲ, ಕಚೇರಿಯ ಹೊತ್ತಿಗೆ ರವೆಯ ಹಿಟ್ಟನ್ನು ಕಲಸಿ ಮೆತ್ತುತ್ತಾರೆ. ಅಲ್ಲಿಂದ ಬರುವುದು ಗುಂಕಾರ. ಹೀಗೆ ಒಂದೇ ಮರದ ಎರಡು ತುದಿಗಳಲ್ಲಿ ಮಂದ್ರಕ್ಕೊಂದು ಮುಖ, ನುಡಿಗೊಂದು ಮುಖ.

ಈ ಮರಳಿನ ಗೆರೆಗಳ ವಿಚಾರ ಪುಸ್ತಕದಲ್ಲಿ ಓದಿದ್ದೆನೇ ಹೊರತು ಅದರ ಉಪಯೋಗ ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದೆ ನಮ್ಮ ತಾಯಲೂರಿನಲ್ಲಿ. ಮುಳಬಾಗಿಲು ತಾಲ್ಲೂಕಿನ ಈ ಊರಿಗೆ ಬೆಂಗಳೂರಿನ ನೌಕರಿಯಿಂದ ನಿವೃತ್ತರಾಗಿ ಬಂದ ಮಿತ್ರರೊಬ್ಬರು ಮನೆಯ ಹಜಾರವನ್ನೇ ಚಿತ್ರಮಂದಿರ ಮಾಡಿಕೊಂಡರು. ಗೋಡೆಗೆ ಬಿಳಿ ಪರದೆ, ಅದರ ಬದಿಗಳಲ್ಲಿ ಸಣ್ಣ ಸ್ಪೀಕರುಗಳು, ಮೂಲೆಯಲ್ಲಿ ಮಂದ್ರಸ್ವರಕ್ಕೆಂದು ಪೆಟ್ಟಿಗೆಯಂಥ ಒಂದು ಸಬ್‌ವೂಫರ್. ಆ ಹಜಾರದಲ್ಲಿ ಒಂದು ವಿಚಿತ್ರ ವ್ಯಾಜ್ಯ ಹುಟ್ಟಿತು. ಹಿಂದಿನ ಗೋಡೆಗೆ ಒರಗಿಸಿದ ಸೋಫಾದ ನಡುವೆ ಕೂರುವ ಯಜಮಾನರಿಗೆ ಗುಡುಗು ಸಾಲದು. ಪಕ್ಕದ ಗೋಡೆಯ ಬಳಿ ಕುರ್ಚಿ ಹಾಕಿಕೊಳ್ಳುವ ಅವರ ತಾಯಿಗೆ ಅದೇ ಗುಡುಗಿನಿಂದ ಎದೆಬಡಿತ. ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಕೆ.ಜಿ.ಎಫ್. ನಡುಗುತ್ತಿದ್ದ ಕಾಲವನ್ನು ಬಲ್ಲ ಆ ಹಿರಿಯರಿಗೆ ಇದು ಮನರಂಜನೆ ಎನಿಸದಿದ್ದುದು ಸಹಜ. ಎರಡನೆಯ ಸಬ್‌ವೂಫರ್ ತರಿಸುವುದೆಂದು ಮಗ ನಿಶ್ಚಯಿಸಿದಾಗ ಮನೆಯಲ್ಲಿ ದೊಡ್ಡ ಮಾತಾಯಿತು. ಒಂದರ ಕಾಟವೇ ಇಷ್ಟಿರುವಾಗ ಎರಡೇಕೆ ಎಂಬ ಆ ತಾಯಿಯ ವಾದಕ್ಕೆ ತರ್ಕದ ಬಲವಿತ್ತು. ಇಂಜಿನಿಯರಿಂಗ್ ಓದುವ ಮೊಮ್ಮಗ ಅಳತೆಯ ಮೈಕ್ ಹಿಡಿದು ಬಂದ. ರಾಮನ್ನರನ್ನು ಓದಿಕೊಂಡಿದ್ದ ಮೇಷ್ಟರೆಂದು ನನಗೂ ಕರೆ ಬಂತು.

ಹಜಾರ 20 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸಿದರೆ ಅಲ್ಲಿ ಅಲೆ ನಿಂತುಬಿಡುತ್ತದೆ. ಉದ್ದಕ್ಕೆ ಆ ಸಂಖ್ಯೆ 28 ಹರ್ಟ್ಸ್, ಅಗಲಕ್ಕೆ 40. ಉದ್ದದ ಎರಡನೆಯ ಅಲೆ 56. ಎತ್ತರ ಉದ್ದದ ಸರಿಯರ್ಧವಾದ್ದರಿಂದ ಅದರ ಮೊದಲ ಅಲೆಯೂ 56. ಕೋಣೆಯೂ ಒಂದು ವಾದ್ಯ. ಇವು ಅದರ ಸ್ವಂತ ಸ್ವರಗಳು. ಅಗಲದ 40 ಹರ್ಟ್ಸಿನ ಅಲೆಗೆ ಪಕ್ಕದ ಗೋಡೆಗಳ ಬಳಿ ಪೂರ್ಣ ಬಲ, ನಟ್ಟನಡುವೆ ಸೊನ್ನೆ. ಮೃದಂಗದ ಚರ್ಮದ ಮೇಲೆ ಮರಳು ನಿಲ್ಲುವ ಗೆರೆಯೇ ಇಲ್ಲಿ ಯಜಮಾನರ ಆಸನ! ತಾಯಿ ಕುಳಿತದ್ದು ಅಲೆಯ ತುದಿಯಲ್ಲಿ. ಇಬ್ಬರ ದೂರೂ ನಿಜವಾಗಿತ್ತು.

ಮೂಲೆಯಲ್ಲಿಟ್ಟ ಸಬ್‌ವೂಫರ್ ಕೋಣೆಯ ಎಲ್ಲ ಅಲೆಗಳನ್ನೂ ಎಬ್ಬಿಸುತ್ತದೆ, ಏಕೆಂದರೆ ಎಲ್ಲ ಅಲೆಗಳಿಗೂ ಮೂಲೆಯೇ ತುದಿ. ಅದನ್ನು ಮುಂದಿನ ಗೋಡೆಯ ನಡುವಿಗೆ ಸರಿಸಿದೊಡನೆ ಅಗಲದ 40 ಅಡಗಿತು. ಅದರ ನಿಸ್ಪಂದ ತಾಣದಲ್ಲಿ ಕುಳಿತು ಅದನ್ನೇ ಮೀಟಲಾಗದಷ್ಟೆ; ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ ತಂತಿಗೆಂತೋ ಹಜಾರಕ್ಕೂ ಅಂತೆಯೇ, ಜೀವಾಳಿಯ ಮೋಸ ಇಲ್ಲಿಲ್ಲ. ಎರಡನೆಯದನ್ನು ಹಿಂದಿನ ಗೋಡೆಯ ನಡುವೆ ಇರಿಸಿ ಎರಡೂ ಒಟ್ಟಿಗೇ ಉಸಿರಾಡುವಂತೆ ಮಾಡಲಾಯಿತು. ಉದ್ದದ 28 ಹರ್ಟ್ಸಿನ ಅಲೆಯಲ್ಲಿ ಒಂದು ಗೋಡೆಯ ಬಳಿ ಒತ್ತಡ ಏರುವಾಗ ಎದುರು ಗೋಡೆಯ ಬಳಿ ಇಳಿಯಬೇಕು. ಎರಡು ತುದಿಗಳಿಂದಲೂ ಒಮ್ಮೆಲೇ ಒತ್ತಿದರೆ ಆ ಅಲೆ ಏಳಲಾರದು. ಎರಡು ಪೆಟ್ಟಿಗೆ ಅಬ್ಬರವನ್ನು ಇಮ್ಮಡಿಸಲು ಬಂದುದಲ್ಲ, ಎಲ್ಲ ಆಸನಗಳಿಗೂ ಸಮನಾಗಿ ಹಂಚಲು ಬಂದದ್ದು. ಎರಡರ ಬಲವನ್ನೂ ತಗ್ಗಿಸಿ ಇಟ್ಟಾಗ ಮೊದಲಿನ ಒಂದಕ್ಕಿಂತ ಮನೆ ಶಾಂತವಾಗಿತ್ತು. 56 ಮಾತ್ರ ಹಠ ಬಿಡಲಿಲ್ಲ. ಸೋಫಾವನ್ನು ಗೋಡೆಯಿಂದ 6 ಅಡಿ ಮುಂದಕ್ಕೆ ಎಳೆದಾಗ ಸ್ವಲ್ಪ, ಆಂಪ್ಲಿಫೈಯರಿನಲ್ಲಿ ಆ ಒಂದು ಸಂಖ್ಯೆಯನ್ನೇ ಕುಗ್ಗಿಸಿದಾಗ ಇನ್ನಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ಉದ್ದ ಎತ್ತರಗಳನ್ನು ಇಮ್ಮಡಿ ಲೆಕ್ಕದಲ್ಲಿ ಕಟ್ಟಿದ ಮೇಸ್ತ್ರಿಗೆ ಸಿನಿಮಾದ ಕಲ್ಪನೆ ಎಲ್ಲಿಂದ ಬರಬೇಕು?

ಉಳಿದದ್ದು ಕ್ರಾಸ್‌ಓವರ್, ಎಂದರೆ ಮಂದ್ರಕ್ಕೂ ಉಳಿದ ಸ್ವರಗಳಿಗೂ ನಡುವಣ ಗಡಿ. ಸಣ್ಣ ಸ್ಪೀಕರು ತಳಸ್ವರವನ್ನು ಹೊರಲಾರದು. ಸಬ್‌ವೂಫರು ಮಾತಿನ ಎತ್ತರಕ್ಕೆ ಏರಿದರೆ ಕಥಾನಾಯಕನ ದನಿ ನೆಲದ ಪೆಟ್ಟಿಗೆಯಿಂದ ಬರುತ್ತದೆ. ಗಡಿಯನ್ನು 80 ಹರ್ಟ್ಸಿನಲ್ಲಿ ಇಡುವುದು ವಾಡಿಕೆ. ಇದಕ್ಕೆ ಕಾರಣವನ್ನು ಹುಡುಕಿದರೆ ಮತ್ತೆ ಲಾರ್ಡ್ ರ‍್ಯಾಲಿಯವರೇ ಸಿಗುತ್ತಾರೆ. ತಾರಸ್ವರದ ದಿಕ್ಕನ್ನು ನಾವು ತಲೆಯ ಮರೆಯಿಂದ ತಿಳಿಯುತ್ತೇವೆ, ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಮೆಲ್ಲಗೆ. ಕೆಳಗಿನ ಸ್ವರಗಳಲ್ಲಿ ಎರಡು ಕಿವಿಗಳಿಗೆ ಅಲೆ ಮುಟ್ಟುವ ಹೊತ್ತಿನ ಅಂತರವೇ ಸುಳಿವು ಎಂದು 1907ರಲ್ಲಿ ಅವರು ತೋರಿಸಿದರು. 80 ಹರ್ಟ್ಸಿನ ಅಲೆ 14 ಅಡಿ ಉದ್ದ. ಅಂಥ ಒಂದು ಅಲೆಯನ್ನು ಕಿವಿ ಪೂರ್ತಿಯಾಗಿ ಗ್ರಹಿಸುವಷ್ಟರಲ್ಲಿ ಗೋಡೆಗಳಿಂದ ಮರಳಿದ ಅಲೆಗಳು ಬೆರೆತು ದಿಕ್ಕು ಅಳಿಸಿಹೋಗಿರುತ್ತದೆ. ಅದರಿಂದಲೇ ಬೆನ್ನ ಹಿಂದಿನ ಪೆಟ್ಟಿಗೆಯ ಗುಡುಗೂ ಪರದೆಯಿಂದಲೇ ಬಂದಂತೆ ತೋರುತ್ತದೆ. ಗಡಿಯೆಂದರೆ ಗೋಡೆಯಲ್ಲ, ಇಳಿಜಾರು. ಇಳಿಜಾರಿನಲ್ಲಿ ಎರಡೂ ಒಟ್ಟಿಗೆ ನುಡಿಯುತ್ತವೆ. ಒಂದು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಗಡಿಯಲ್ಲೇ ಹಳ್ಳ ಬೀಳುತ್ತದೆ. ಮೊಮ್ಮಗ 80 ಹರ್ಟ್ಸಿನ ಸದ್ದನ್ನು ಬಿಟ್ಟು ಹಂತದ ಗುಂಡಿಯನ್ನು ಎರಡು ಬದಿಗೂ ತಿರುಗಿಸಿದ. ಸೋಫಾದಲ್ಲಿ ಯಾವಾಗ ಹೆಚ್ಚು ತುಂಬಿ ಕೇಳಿತೋ ಅದೇ ಸರಿ. ಮೃದಂಗದ ಎಡಬಲಗಳು ಶ್ರುತಿಗೂಡುವ ಕ್ಷಣಕ್ಕೆ ಕಾಯುವ ವಿದ್ವಾಂಸನ ಮುಖಭಾವವೇ ಆ ಹುಡುಗನದಾಗಿತ್ತು. ಅಂದಿನ ರಾತ್ರಿ ಅಜ್ಜಿ ಕುರ್ಚಿ ಬಿಟ್ಟು ಏಳದೆ ಚಿತ್ರವನ್ನು ಕೊನೆಯವರೆಗೆ ನೋಡಿದರು.

ಮತ್ತೆ ರಾಮನ್ನರ ಬಳಿಗೆ ಬರೋಣ. ಬೆಂಗಳೂರಿನಲ್ಲಿ ನಾಗೇಂದ್ರನಾಥರೊಡನೆ 1935 ಮತ್ತು 36ರಲ್ಲಿ ಅವರು ಬರೆದ ಪ್ರಬಂಧಮಾಲೆ ಕಿವಿ ಕಣ್ಣುಗಳ ಸಂಧಿಯಂತಿದೆ. ಕಿವಿಗೆ ನಿಲುಕದ ಸೂಕ್ಷ್ಮ ಶಬ್ದತರಂಗಗಳು ದ್ರವವೊಂದರಲ್ಲಿ ಓಡುವಾಗ ಅದರೊಳಗೆ ಹಾಯುವ ಬೆಳಕು ಹೇಗೆ ಕವಲೊಡೆಯುತ್ತದೆಂಬುದು ಅಲ್ಲಿನ ವಿಷಯ. 1948ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾದರು. ಮೈಸೂರು ಸರ್ಕಾರ 1934ರಲ್ಲಿ ಅಕಾಡೆಮಿಗೆ ಕೊಟ್ಟಿದ್ದ ನೆಲದ ಮೇಲೆ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡು ಅಲ್ಲಿಗೆ ನಡೆದರು. ಸರ್ಕಾರದ ಹಣ ಬಂದರೆ ಅದರ ಹಿಂದೆಯೇ ಅಪ್ಪಣೆಯೂ ಬರುತ್ತದೆಂದು ಅನುದಾನವನ್ನು ದೂರವಿಟ್ಟರು. 1954ರಲ್ಲಿ ಭಾರತರತ್ನ ಬಂತು. ಆ ತೋಟದಲ್ಲಿ ಅವರು ಗುಲಾಬಿ ಬೆಳೆಸಿದರು, ಹರಳುಗಳನ್ನು ಕೂಡಿಟ್ಟರು, ಬಣ್ಣ ಮತ್ತು ದೃಷ್ಟಿಯನ್ನು ಕುರಿತು 1968ರಲ್ಲಿ ಗ್ರಂಥವೊಂದನ್ನು ಹೊರತಂದರು. ಅದರ ಸಿದ್ಧಾಂತವನ್ನು ವಿದ್ವಲ್ಲೋಕ ಒಪ್ಪಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಬಹಳ ಮಟ್ಟಿಗೆ ಒಂಟಿ.

ಪ್ರತಿವರ್ಷ ಅಕ್ಟೋಬರ್ 2ರಂದು ಸಂಸ್ಥೆಯಲ್ಲಿ ಗಾಂಧೀಜಿಯವರ ನೆನಪಿಗೆ ಅವರೇ ಒಂದು ಉಪನ್ಯಾಸ ಮಾಡುತ್ತಿದ್ದರು. 1970ರ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಸ್ತು ಬೆಳಕಲ್ಲ, ಹೂವಲ್ಲ, ಹರಳಲ್ಲ. ಕಿವಿಯ ತಮಟೆ, ಅದರೊಳಗಣ ಶಂಖಾಕಾರದ ನಾಳ, ನಾವು ಕೇಳುವುದು ಹೇಗೆ ಎಂಬುದು. ಎಂಬತ್ತೆರಡು ತುಂಬಲಿದ್ದ ಮುದುಕರು ಹದಿಹರೆಯದಲ್ಲಿ ಓದಿದ ಹೆಲ್ಮ್‌ಹೋಲ್ಟ್ಸನ ಪ್ರಶ್ನೆಗೇ ಮರಳಿ, ಅದರ ಮೇಲೆ ತಮ್ಮದೇ ಹೊಸ ಕಲ್ಪನೆಯನ್ನು ಮಂಡಿಸಿದರು. ಅದನ್ನು ಪ್ರಯೋಗಕ್ಕೊಡ್ಡಿ ನೋಡುವಷ್ಟು ದಿನಗಳು ಉಳಿದಿರಲಿಲ್ಲ. ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಉಳಿಯಲೊಲ್ಲದೆ ಸಂಸ್ಥೆಗೇ ಹಿಂದಿರುಗಿದರು. ನವೆಂಬರ್ 21ರ ಬೆಳಗಿನ ಜಾವ ಅಲ್ಲಿಯೇ ತೀರಿಕೊಂಡರು. ತೋಟದಲ್ಲೇ ದಹನವಾಯಿತು. ಆ ತಾಣದಲ್ಲಿ ಗೋರಿಯಿಲ್ಲ, ಒಂದು ಮರವಿದೆ.